ಟೆಂಡರ್ ದಿನ ಡಿಸ್ಕು ಹೋದಾಗ ಮೊದಲು ನಕಲು, ಆಮೇಲೆ ಎಫ್‌ಎಸ್‌ಸಿಕೆ

ಶಿರಸಿಯ ಸೊಸೈಟಿಯೊಂದರಲ್ಲಿ ಅಡಿಕೆ ಟೆಂಡರ್ ದಿನವೇ ಡೆಬಿಯನ್ (ಲಿನಕ್ಸ್) ಸರ್ವರ್ ನಿಂತಿತು. ಇದ್ದದ್ದು ಒಂದೇ 1 ಟಿಬಿ ಡಿಸ್ಕು, ರೇಡ್ (ಒಂದು ಡಿಸ್ಕು ಹೋದರೂ ಇನ್ನೊಂದರಲ್ಲಿ ಡೇಟಾ ಉಳಿಯುವ ಜೋಡಣೆ) ಇಲ್ಲ, ಪರದೆ ತುಂಬ ಐ/ಓ ಎರರ್, ಅಂದರೆ ಡಿಸ್ಕು ಓದಲಾಗುತ್ತಿಲ್ಲ ಎಂಬ ದೂರು. "ಮಾರಾಯ್ರೆ, ಎಂತಾದ್ರೂ ಮಾಡಿ ಒಂದ್ಸಲ ಆನ್ ಮಾಡಿಕೊಡಿ" ಎಂದರು ಮ್ಯಾನೇಜರು. ಅಷ್ಟರೊಳಗೆ ಯಾರೋ ಎಫ್‌ಎಸ್‌ಸಿಕೆ -ವೈ (ಫೈಲ್ ಸಿಸ್ಟಮ್ ಸರಿಪಡಿಸುವ ಕಮಾಂಡ್) ಓಡಿಸಿ ಆಗಿತ್ತು. ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಓದಲಾಗದ ಬ್ಲಾಕ್ ಸಿಕ್ಕರೆ ಅದು 'ಫೋರ್ಸ್ ರೀರೈಟ್?' (ಅದರ ಮೇಲೆ ಬರೆದುಬಿಡಲೇ?) ಎಂದು ಕೇಳುತ್ತದೆ. -ವೈ ಕೊಟ್ಟಿದ್ದರೆ ಹೌದೆಂಬ ಉತ್ತರ ತಾನಾಗಿ ಹೋಗುತ್ತದೆ. ಮತ್ತೊಮ್ಮೆ ಓದಿದ್ದರೆ ಸಿಗಬಹುದಾಗಿದ್ದ ಇನೋಡ್‌ಗಳು (ಯಾವ ಫೈಲು ಎಲ್ಲಿದೆ ಎಂಬ ದಾಖಲೆಗಳು) ಅಲ್ಲಿಗೆ ಹೋದವು.

ಲೈವ್ ಯುಎಸ್‌ಬಿಯಿಂದ (ಪೆನ್‌ಡ್ರೈವಿನಲ್ಲಿರುವ ಲಿನಕ್ಸಿನಿಂದ) ಬೂಟ್ ಮಾಡಿ ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ -ಎ ನೋಡಬೇಕು. 5 (ಕೆಟ್ಟು ಬದಲಿಯಾದ ಸೆಕ್ಟರ್) ಮತ್ತು 197 (ಓದಲಾಗದೆ ಬಾಕಿ ಇರುವ ಸೆಕ್ಟರ್) ಸಂಖ್ಯೆಯ ಸಾಲಿನ ಲೆಕ್ಕ ಏರಿದ್ದರೆ ಡಿಸ್ಕೇ ಹೋಗುತ್ತಿದೆ. 199 (ಡೇಟಾ ಸಾಗಿಸುವಾಗಿನ ದೋಷ) ಮಾತ್ರ ಏರುತ್ತಿದ್ದರೆ ಡಿಸ್ಕಿಗೆ ಬೈಯುವ ಮೊದಲು ಸಾಟಾ ಕೇಬಲ್ ಬದಲಿಸಿ. ಕಾರವಾರ, ಕುಮಟಾದ ಉಪ್ಪುಗಾಳಿಗೆ ಪಿನ್ನುಗಳೇ ಕಿಲುಬು ಹಿಡಿಯುತ್ತವೆ.

ಇಲ್ಲಿ ಏರಿದ್ದು 197. ಕೆಟ್ಟ ಡಿಸ್ಕನ್ನು ಹೊಸದಕ್ಕೆ ನಕಲು ಮಾಡುವ ಡಿಡಿರೆಸ್ಕ್ಯೂ ಹಚ್ಚಿದೆವು: ಮೊದಲ ಸುತ್ತು -ಎಫ್ -ಎನ್ (ಸುಲಭಕ್ಕೆ ಸಿಗುವುದು ಮಾತ್ರ), ಎರಡನೆಯದು -ಡಿ -ಎಫ್ -ಆರ್3 (ಕೆಟ್ಟ ಜಾಗವನ್ನು ಮತ್ತೆ ಮೂರು ಸಲ ಓದುವುದು). ಹೊಸ ಡಿಸ್ಕಿನ ಸೆಕ್ಟರ್ ಸಂಖ್ಯೆ ಹಳೆಯದಕ್ಕಿಂತ ಒಂದೂ ಕಡಿಮೆ ಇರಬಾರದು. ಮೂಲ ಯಾವುದು, ಗುರಿ ಯಾವುದು ಎಂದು ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರು ನೋಡಿ ನಂಬದೆ ಸೀರಿಯಲ್ ನಂಬರ್ ತಾಳೆ ನೋಡಿ. ಎಲ್ಲಿವರೆಗೆ ನಕಲಾಯಿತೆಂದು ಬರೆದಿಡುವ ಮ್ಯಾಪ್ ಫೈಲನ್ನು ಬೇರೆ ಪೆನ್‌ಡ್ರೈವಿನಲ್ಲೇ ಇಡಬೇಕು. ಲೈವ್ ಸೆಷನ್ನಿನಲ್ಲಿ ಇಟ್ಟರೆ ಕರೆಂಟು ಹೋದ ಕೂಡಲೇ ಅದೂ ಹೋಗುತ್ತದೆ. ನಮ್ಮ ಮಳೆಗಾಲದ ಕರೆಂಟು ನಿಮಗೆ ಗೊತ್ತೇ ಇದೆ.

ಸೆಕೆಂಡಿಗೆ 100 ಎಂಬಿ ಸಿಕ್ಕರೂ 1 ಟಿಬಿಗೆ ಸುಮಾರು ಎರಡೂಮುಕ್ಕಾಲು ಗಂಟೆ ಬೇಕು. ಕೆಟ್ಟ ಜಾಗ ಬಂದಾಗ ವೇಗ ಸೊನ್ನೆಗೆ ಇಳಿಯುತ್ತದೆ, ಕೊನೆಯ ಯಶಸ್ವಿ ಓದಿನಿಂದ ಎಷ್ಟು ಹೊತ್ತಾಯಿತೆಂಬ ಲೆಕ್ಕ ಮಾತ್ರ ಏರುತ್ತಿರುತ್ತದೆ. ಹಿಂದೆ ನಿಂತವರೆಲ್ಲ "ಹ್ಯಾಂಗ್ ಆಯ್ತು, ಆಫ್ ಮಾಡಿ" ಅನ್ನುವುದು ಆಗಲೇ. ಮುಟ್ಟಬಾರದು. ಆ ದಿನದ ಟೆಂಡರನ್ನು ಕಾಗದದಲ್ಲಿ ಬರೆಯಿರಿ ಎಂದು ಮ್ಯಾನೇಜರನ್ನು ಒಪ್ಪಿಸುವುದೇ ಕಷ್ಟವಾಯಿತು.

ನಕಲು ಮುಗಿದ ಮೇಲೆ ಹಳೆ ಡಿಸ್ಕು ಬಿಚ್ಚಿಯೇ ಬೂಟ್ ಮಾಡಿ. ಎರಡರದ್ದೂ ಒಂದೇ ಯುಯುಐಡಿ (ಪಾರ್ಟಿಶನ್ ಗುರುತಿಸುವ ಸಂಖ್ಯೆ), ಯಾವುದು ಎಂದು ಗೊಂದಲವಾಗುತ್ತದೆ. ಇ2ಎಫ್‌ಎಸ್‌ಸಿಕೆ -ಎಫ್ (ಅದೇ ಎಫ್‌ಎಸ್‌ಸಿಕೆಯ ಕೆಲಸ) ಓಡಿಸಬೇಕಾದ್ದು ಈಗ, ನಕಲಿನ ಮೇಲೆ. ಪಾರ್ಟಿಶನ್ ಹೊಸದಾಗಿ ಮಾಡಿ ಫೈಲು ಮಾತ್ರ ತಂದಿದ್ದರೆ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಮೌಂಟ್ ಮಾಡಬೇಕಾದವುಗಳ ಪಟ್ಟಿ) ಹೊಸ ಯುಯುಐಡಿ ಹಾಕಿ, ಸಿಹೆಚ್‌ರೂಟ್ ಒಳಗಿಂದ (ಲೈವ್ ಯುಎಸ್‌ಬಿಯಿಂದಲೇ ಹೊಸ ಡಿಸ್ಕಿನ ಸಿಸ್ಟಮ್ ಒಳಹೊಕ್ಕು) ಬೂಟ್ ಮಾಡಿಸುವ ಗ್ರಬ್ ಇನ್‌ಸ್ಟಾಲ್ ಮಾಡಿ. ಇಲ್ಲದಿದ್ದರೆ ಬೂಟೇ ಆಗದೆ ಇರಬಹುದು. ಬೂಟ್ ಶುರುವಾದರೂ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡಿಗೆ (ದುರಸ್ತಿಯ ಕಮಾಂಡ್ ಪರದೆಗೆ) ಬೀಳುತ್ತದೆ.

ಮೌಂಟ್ ಆಯಿತೆಂದು ಸೊಸೈಟಿಗೆ ಒಪ್ಪಿಸಬೇಡಿ. ಡೇಟಾಬೇಸ್ ಪೂರ್ತಿ ಒಮ್ಮೆ ಡಂಪ್ (ಎಲ್ಲವನ್ನೂ ಓದಿ ಫೈಲಿಗೆ ಬರೆದ ಪ್ರತಿ) ತೆಗೆಯಿರಿ, ಯಾವ ಟೇಬಲ್ಲಿಗೆ ನಿಲ್ಲುತ್ತದೋ ಅದು ಕೆಟ್ಟಿದೆ. ಇಲ್ಲಿ ಸದಸ್ಯರ ಖಾತೆಯ ಟೇಬಲ್ಲೇ ನಿಂತಿತು. ಹಿಂದಿನ ರಾತ್ರಿಯ ಡಂಪ್ ಇತ್ತು, ಉಳಿದದ್ದನ್ನು ಚೀಟಿ ನೋಡಿ ತುಂಬಿಸಿದರು.