ಸೋಲದೇ ಹೊರಬಿದ್ದವರು

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ, ಸುಮ್ನೆ ಇಂಗ್ಲೆಂಡಿನ ಫುಟ್‌ಬಾಲ್ ಟೂರ್ನಿ ಎಫ್‌ಎ ಕಪ್‌ನ ಇತಿಹಾಸ ಓದುತ್ತಾ ಕೂತೆ. 1871ರಲ್ಲಿ ಶುರುವಾದಾಗ ಹೆಸರು ಕೊಟ್ಟಿದ್ದು ಬರೀ 15 ತಂಡ. ಈ ಟೂರ್ನಿಯ ಯೋಚನೆ ಚಾರ್ಲ್ಸ್ ಆಲ್ಕಾಕ್ ಅವರದು. 1872ರ ಮೊದಲ ಫೈನಲ್‌ನಲ್ಲಿ ರಾಯಲ್ ಇಂಜಿನಿಯರ್ಸ್ ತಂಡವನ್ನು 1-0 ಗೋಲಿನಿಂದ ಸೋಲಿಸಿದ ವಾಂಡರರ್ಸ್‌ಗೂ ಅವರೇ ಕ್ಯಾಪ್ಟನ್! ಆ ಮೊದಲ ಕಪ್ ಈಗ ಇಲ್ಲ. 1895ರಲ್ಲಿ ಗೆದ್ದ ಆಸ್ಟನ್ ವಿಲ್ಲಾದವರು ಬರ್ಮಿಂಗ್‌ಹ್ಯಾಮ್‌ನ ಒಂದು ಅಂಗಡಿಯಲ್ಲಿ ಜನ ನೋಡಲಿ ಅಂತ ಇಟ್ಟಿದ್ದರು, ಯಾರೋ ಎತ್ಕೊಂಡು ಹೋದರು, ಮತ್ತೆ ಸಿಗಲೇ ಇಲ್ಲ.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಕ್ವೀನ್ಸ್ ಪಾರ್ಕ್ ಅನ್ನೋ ಸ್ಕಾಟ್ಲೆಂಡಿನ ತಂಡ. ಮೊದಲ ವರ್ಷವೇ ಗ್ಲಾಸ್ಗೋದಿಂದ ಲಂಡನ್‌ವರೆಗೆ ಬಂದು, ಸೆಮಿಫೈನಲ್‌ನಲ್ಲಿ ಇದೇ ವಾಂಡರರ್ಸ್ ಜೊತೆ ಗೋಲಿಲ್ಲದೆ ಡ್ರಾ ಮಾಡಿಕೊಂಡು, ಮರುಪಂದ್ಯಕ್ಕೆ ಇನ್ನೊಮ್ಮೆ ಬರೋಕೆ ದುಡ್ಡಿಲ್ಲದೆ ಆಟವನ್ನೇ ಬಿಟ್ಟುಕೊಟ್ಟರು. ಸೋಲದೇ ಹೊರಬಿದ್ದರು, ಪಾಪ. 2024-25ರಿಂದ ಮೊದಲ ಸುತ್ತಿನಿಂದಲೇ ಮರುಪಂದ್ಯ ತೆಗೆದುಹಾಕಿದ್ದಾರೆ, ಡ್ರಾ ಆದರೆ ಹೆಚ್ಚುವರಿ ಸಮಯ, ಆಮೇಲೆ ಪೆನಾಲ್ಟಿ, ಅವತ್ತೇ ತೀರ್ಮಾನ. ಆಗಲೂ ಹೀಗೇ ಇದ್ದಿದ್ದರೆ ಮೊದಲ ಕಪ್ ಸ್ಕಾಟ್ಲೆಂಡಿಗೇ ಹೋಗ್ತಿತ್ತೇನೋ, ಅಲ್ವಾ?