‘ಯಾವ ಪರಿಸರಸ್ನೇಹಿ ಸಾಮಾನು ಕೊಳ್ಳಲಿ?’ ಎಂದು ಕೇಳುವವರಿಗೆ

ನೀರು, ಕರೆಂಟು, ಪ್ಲಾಸ್ಟಿಕ್ಕು ಅಂತ ಮಾತು ಶುರುವಾದರೆ ಕೊನೆಗೆ ಬಂದು ನಿಲ್ಲುವ ಪ್ರಶ್ನೆ ಒಂದೇ: ‘ದಿನಬಳಕೆಗೆ ನಿಮಗೆ ಮೆಚ್ಚಿಗೆಯಾದ ಪರಿಸರಸ್ನೇಹಿ ವಸ್ತುಗಳು ಯಾವುವು?’ ಕೇಳುವವರ ಮನಸ್ಸಿನಲ್ಲಿ ಆಗಲೇ ಬಿದಿರಿನ ಬ್ರಷ್ಷು, ಬಟ್ಟೆ ಚೀಲ, ಸ್ಟೀಲ್ ಸ್ಟ್ರಾ ಬಂದು ಕೂತಿರುತ್ತವೆ. ನನ್ನ ಪಟ್ಟಿ ನಲ್ಲಿಯ ತುದಿಯಿಂದ ಶುರುವಾಗುತ್ತದೆ.

ಒಂದು ವಸ್ತು ಯಾವುದರಿಂದ ಮಾಡಿದ್ದು ಎಂದು ನಾನು ಆಮೇಲೆ ನೋಡುತ್ತೇನೆ. ಮೊದಲು ನೋಡುವುದು, ಅದು ಬಂದ ಮೇಲೆ ಮನೆಗೆ ಪದೇಪದೇ ಬರುತ್ತಿದ್ದ ಯಾವುದು ನಿಂತಿತು ಅನ್ನುವುದನ್ನು. ಎರಡನೆಯದು, ವರ್ಷ ಕಳೆದರೂ ಅದು ಕೈಗೆ ಬರುತ್ತಿದೆಯೇ ಅನ್ನುವುದು. ಒಳ್ಳೊಳ್ಳೆಯ ಸಾಮಾನುಗಳು ಮೂಲೆ ಸೇರುವುದು ಬಹುಮಟ್ಟಿಗೆ ಬಳಸುವ ಕ್ರಮ ಯಾರೂ ಹೇಳಿಕೊಡದೆ ಇರುವುದರಿಂದ. ಅದಕ್ಕೇ ಹೆಸರಿನ ಜೊತೆಗೆ ಕ್ರಮವನ್ನೂ, ಎಲ್ಲಿ ಕೆಡುತ್ತದೆ ಅನ್ನುವುದನ್ನೂ ಬರೆಯುತ್ತಿದ್ದೇನೆ.

ನಲ್ಲಿಯ ಬಾಯಿಗೆ ತಿರುಪಿ ಕೂರಿಸುವ ಚಿಕ್ಕ ಜಾಲರಿಗೆ ಏರೇಟರ್ ಎನ್ನುತ್ತಾರೆ. ನೀರಿಗೆ ಗಾಳಿ ಬೆರೆಸುವುದು ಅದರ ಕೆಲಸ. ಧಾರೆ ತುಂಬಿದಂತೆಯೇ ಕಾಣುತ್ತದೆ, ಬೀಳುವ ನೀರು ಮಾತ್ರ ಅರ್ಧಕ್ಕಿಂತ ಕಡಿಮೆ ಆಗಬಹುದು. ಮೊದಲು ಅಳೆದುಕೊಳ್ಳಿ: ನಲ್ಲಿ ಪೂರ್ತಿ ತಿರುಗಿಸಿ 10 ಸೆಕೆಂಡು ಪಾತ್ರೆ ಹಿಡಿದು, ಬಿದ್ದ ನೀರನ್ನು ಅಳತೆ ಲೋಟದಲ್ಲಿ ಅಳೆದು 6ರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. 10ರಿಂದ 15 ಲೀಟರ್ ಬಂದರೆ ಏರೇಟರ್ ಹಾಕಲೇಬೇಕಾದ ನಲ್ಲಿ ಅದು. ಕೈ ತೊಳೆಯುವ ಸಿಂಕಿಗೆ 4ರಿಂದ 6 ಲೀಟರ್ ಸಾಕು. ಅಳತೆ ಆರಿಸುವಾಗ ನಲ್ಲಿಯ ಮರೆ, ಅಂದರೆ ತಿರುಪಿನ ಗೆರೆಗಳು, ಎಲ್ಲಿದೆ ನೋಡಿ. ಮರೆ ನಲ್ಲಿಯ ಒಳಗಿದ್ದರೆ ಸಾಮಾನ್ಯವಾಗಿ 24 ಮಿಲಿಮೀಟರಿನದು, ಹೊರಗಿದ್ದರೆ 22ರದು ಹೊಂದುತ್ತದೆ. ರಬ್ಬರ್ ವಾಷರ್ ಮರೆಯದೆ ಒಳಗಿಟ್ಟು ಕೈಯಲ್ಲೇ ಬಿಗಿ ಮಾಡಿ. ಇಕ್ಕಳ ಹಾಕಬೇಕಾಗಿ ಬಂದರೆ ಬಟ್ಟೆ ಸುತ್ತಿಕೊಳ್ಳಿ, ಇಲ್ಲದಿದ್ದರೆ ಮೇಲಿನ ಹೊಳಪು ಕಿತ್ತು ಬರುತ್ತದೆ.

ಬಕೆಟ್ ತುಂಬಿಸುವ ನಲ್ಲಿಗೆ ಇದನ್ನು ಹಾಕಬೇಡಿ. ಬಕೆಟ್ಟಿಗೆ ಬೇಕಾದಷ್ಟು ನೀರು ಬೇಕೇ ಬೇಕು. ಉಳಿತಾಯ ಸೊನ್ನೆ, ಕಾಯುವುದಷ್ಟೇ ಹೆಚ್ಚು. ನಲ್ಲಿ ತೆರೆದ ಕೂಡಲೇ ಹೊತ್ತಿಕೊಳ್ಳುವ ಇನ್‌ಸ್ಟಂಟ್ ಹೀಟರ್ ಇದ್ದರೆ, ಅದು ಹೊತ್ತಿಕೊಳ್ಳಲು ಕನಿಷ್ಠ ಎಷ್ಟು ಹರಿವು ಬೇಕು ಎಂದು ಮೊದಲೇ ನೋಡಿ. ಅದಕ್ಕಿಂತ ಕಡಿಮೆ ಹರಿದರೆ ಹೀಟರ್ ಹೊತ್ತುವುದೇ ಇಲ್ಲ. ಮೇಲಿನ ಟ್ಯಾಂಕಿನಿಂದ ನಿಧಾನಕ್ಕೆ ಇಳಿಯುವ ನೀರಿಗೆ ಕಡಿಮೆ ಒತ್ತಡಕ್ಕೆಂದೇ ಮಾಡಿದ ಬಗೆಯನ್ನು ಆರಿಸಬೇಕು. ಕೆಲವು ತಿಂಗಳಾದ ಮೇಲೆ ಧಾರೆ ಓರೆಯಾಗಿ ಚಿಮ್ಮತೊಡಗಿದರೆ ಏರೇಟರ್ ಕೆಟ್ಟಿತು ಅಂತ ಎಸೆಯಬೇಡಿ. ಬಿಚ್ಚಿ ತಲೆಕೆಳಗೆ ಅಂಗೈ ಮೇಲೆ ತಟ್ಟಿದರೆ ಮರಳು ಕಾಳು ಉದುರುತ್ತವೆ. ಜಾಲರಿಯ ಕಣ್ಣುಗಳಲ್ಲಿ ಬಿಳಿ ಕಟ್ಟು ಕಂಡರೆ ಅದು ಗಡಸು ನೀರಿನ ಸುಣ್ಣ. ಅದಕ್ಕೆ ಮದ್ದು ಮುಂದೆ ಬರುತ್ತದೆ. ನಲ್ಲಿಯನ್ನು ಮೊದಲಿಗಿಟ್ಟ ಕಾರಣ ನೀರಷ್ಟೇ ಅಲ್ಲ. ಕಡಿಮೆಯಾದ ಪ್ರತಿ ಲೀಟರ್ ಬಿಸಿನೀರಿನ ಜೊತೆ ಅದನ್ನು ಕಾಯಿಸುವ ಶಕ್ತಿಯೂ ಉಳಿಯುತ್ತದೆ. ಇಷ್ಟು ಚಿಕ್ಕ ತುಣುಕು ಇಷ್ಟು ಕೆಲಸ ಮಾಡುವುದು ನನಗೆ ಇಂದಿಗೂ ಬೆರಗು.

ಎರಡನೆಯದು ಮೂರು ಬಿಳಿ ಪುಡಿಗಳು: ವಾಷಿಂಗ್ ಸೋಡ, ಸಿಟ್ರಿಕ್ ಆಮ್ಲ, ಸೋಡಿಯಂ ಪರ್‌ಕಾರ್ಬೊನೇಟ್. ಶುಚಿ ಮಾಡುವ ಬಾಟಲಿಗಳಲ್ಲಿ ಹೆಚ್ಚಿನ ಪಾಲು ನೀರೇ ಇರುತ್ತದೆ. ಪುಡಿ ತಂದರೆ ಆ ನೀರನ್ನೂ ಬಾಟಲಿಯನ್ನೂ ಹೊತ್ತು ತರುವುದು ತಪ್ಪುತ್ತದೆ. ಆದರೆ ಯಾವ ಪುಡಿ ಯಾವುದಕ್ಕೆ ಅನ್ನುವುದು ಗೊತ್ತಿರಬೇಕು. ಜಿಡ್ಡು ಕ್ಷಾರಕ್ಕೆ ಬಿಡುತ್ತದೆ, ಸುಣ್ಣ ಆಮ್ಲಕ್ಕೆ ಬಿಡುತ್ತದೆ, ಬಣ್ಣದ ಕಲೆ ಆಮ್ಲಜನಕಕ್ಕೆ ಬಿಡುತ್ತದೆ. ಬೇಕಿಂಗ್ ಸೋಡದ ಮೇಲೆ ವಿನೆಗರ್ ಸುರಿದು ನೊರೆ ಉಕ್ಕಿಸುವ ವಿಡಿಯೊಗಳು ಎಲ್ಲೆಲ್ಲೂ ಇವೆ. ಅಲ್ಲಿ ಆಮ್ಲ ಕ್ಷಾರ ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ. ನೊರೆ ಇಳಿದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು, ಅದರಿಂದ ಯಾವ ಕೊಳೆಯೂ ಹೋಗುವುದಿಲ್ಲ. ಎರಡನ್ನೂ ಬಳಸಬೇಕೆಂದಿದ್ದರೆ ಒಂದು ತೊಳೆದು ಹೋದ ಮೇಲೆ ಇನ್ನೊಂದು.

ವಾಷಿಂಗ್ ಸೋಡ ಬೇಕಿಂಗ್ ಸೋಡಕ್ಕಿಂತ ಬಹಳ ಬಿರುಸು, ಕೈಗೆ ಗ್ಲೌಸ್ ಇರಲಿ. ಜಿಡ್ಡು ಹಿಡಿದ ಒಲೆಯ ಜಾಲರಿ, ಎಗ್ಸಾಸ್ಟ್ ಫ್ಯಾನಿನ ರೆಕ್ಕೆಗಳಿಗೆ 1 ಲೀಟರ್ ಬಿಸಿನೀರಿಗೆ 2 ದೊಡ್ಡ ಚಮಚ, ಅರ್ಧ ಗಂಟೆ. ಅಲ್ಯೂಮಿನಿಯಂ ಮುಟ್ಟಿಸಬೇಡಿ, ಕಪ್ಪಾಗುತ್ತದೆ.

ಸಿಟ್ರಿಕ್ ಆಮ್ಲ ಲೀಟರಿಗೆ 30 ಗ್ರಾಂ, ಅಂದರೆ ಸುಮಾರು 2 ದೊಡ್ಡ ಚಮಚ. ಕೆಟಲ್, ಶವರ್ ತಲೆ, ಮೇಲೆ ಹೇಳಿದ ಜಾಲರಿ ಎಲ್ಲಕ್ಕೂ ಇದೇ ಅಳತೆ, ಅರ್ಧ ಗಂಟೆ ನೆನೆದರೆ ಸಾಕು. ಬೇಗ ಬಿಡಲಿ ಎಂದು ಕುದಿಸುವವರೇ ಹೆಚ್ಚು. ಅದೇ ತಪ್ಪು. ಬಿಸಿ ಏರಿದಂತೆ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಸಿಟ್ರೇಟ್ ಆಗಿ ತಳದಲ್ಲಿ ಇಳಿಯುತ್ತದೆ, ಮೊದಲಿನ ಕಟ್ಟಿಗಿಂತ ಇದನ್ನು ತೆಗೆಯುವುದು ಕಷ್ಟ. ತಣ್ಣೀರು ಇಲ್ಲವೇ ಉಗುರುಬೆಚ್ಚಗಿನ ನೀರಿನಲ್ಲೇ ಮಾಡಿ. ಅಮೃತಶಿಲೆ, ಸುಣ್ಣಕಲ್ಲಿನ ನೆಲದ ಮೇಲೆ ಚೆಲ್ಲಿದರೆ ಹೊಳಪು ಹೋಗಿ ಮಚ್ಚೆ ಉಳಿಯುತ್ತದೆ. ಕ್ಲೋರಿನ್ ಬ್ಲೀಚಿನ ಜೊತೆಯಂತೂ ಯಾವತ್ತೂ ಬೆರೆಯಕೂಡದು, ವಿಷದ ಅನಿಲ ಏಳುತ್ತದೆ.

ಮೂರರಲ್ಲಿ ನನಗೆ ಹೆಚ್ಚು ಪ್ರೀತಿ ಪರ್‌ಕಾರ್ಬೊನೇಟಿನ ಮೇಲೆ. ನೀರಿಗೆ ಬಿದ್ದರೆ ಇದು ವಾಷಿಂಗ್ ಸೋಡ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ. ಕೆಲಸ ಮುಗಿದ ಮೇಲೆ ಪೆರಾಕ್ಸೈಡು ನೀರು, ಆಮ್ಲಜನಕ ಆಗಿ ಹೋಗುತ್ತದೆ. ಹಳದಿಗಟ್ಟಿದ ಬಿಳಿ ಬಟ್ಟೆ, ದಿಂಬಿನ ಕವರು, ಬೆವರಿನ ಕಲೆಗೆ ಇದಕ್ಕೆ ಸಾಟಿ ಇಲ್ಲ. 40ರಿಂದ 60 ಡಿಗ್ರಿಯ 5 ಲೀಟರ್ ನೀರಿಗೆ 50 ಗ್ರಾಂ ಹಾಕಿ ಪೂರ್ತಿ ಕರಗಿಸಿ, ಆಮೇಲೆ ಬಟ್ಟೆ ಮುಳುಗಿಸಿ. ಕೆಲವೇ ನಿಮಿಷಕ್ಕೆ ಬಟ್ಟೆಯ ನೂಲುಗಳಿಗೆ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ಅಂಟಿ ಮೇಲೇಳುತ್ತವೆ, ಬಕೆಟ್ಟಿಗೆ ಕಿವಿ ಕೊಟ್ಟರೆ ಸಣ್ಣಗೆ ಚಿರಚಿರ ಕೇಳುತ್ತದೆ. ಗುಳ್ಳೆ ಏಳದಿದ್ದರೆ ಒಂದೋ ನೀರು ತಣ್ಣಗಿದೆ, ಇಲ್ಲವೇ ಪುಡಿ ತೇವ ಹಿಡಿದು ಸತ್ವ ಕಳೆದುಕೊಂಡಿದೆ. ಒಂದು ಗಂಟೆಯಿಂದ ಆರು ಗಂಟೆ ಬಿಡಬಹುದು. ಅದಕ್ಕಿಂತ ಹೆಚ್ಚು ಬಿಟ್ಟು ಲಾಭವಿಲ್ಲ, ಅಷ್ಟರಲ್ಲಿ ಶಕ್ತಿ ಮುಗಿದಿರುತ್ತದೆ. ಉಣ್ಣೆ, ರೇಷ್ಮೆಗೆ ಇದು ಬೇಡ, ಕ್ಷಾರ ಅವುಗಳ ನೂಲನ್ನು ತಿನ್ನುತ್ತದೆ. ತುಕ್ಕಿನ ಕಲೆ ಇದ್ದರೆ ಮೊದಲು ಸಿಟ್ರಿಕ್ ಆಮ್ಲದಲ್ಲಿ ಅದನ್ನು ತೆಗೆಯಿರಿ. ಕಬ್ಬಿಣ ತಾಗಿದ ಜಾಗದಲ್ಲಿ ಪೆರಾಕ್ಸೈಡು ಒಮ್ಮೆಲೇ ಒಡೆದು ಹತ್ತಿ ಬಟ್ಟೆಯಲ್ಲೂ ತೂತು ಬೀಳುತ್ತದೆ. ಉಳಿದ ದ್ರಾವಣವನ್ನು ಬಾಟಲಿಗೆ ತುಂಬಿ ಮುಚ್ಚಳ ಹಾಕಬಾರದು. ಆಮ್ಲಜನಕ ಏಳುತ್ತಲೇ ಇರುತ್ತದೆ, ಬಾಟಲಿ ಸಿಡಿಯುತ್ತದೆ.

ಶಾಂಪೂ ಬಾರ್ ತಂದು ‘ಕೂದಲು ಮೇಣ ಹಚ್ಚಿದ ಹಾಗೆ ಆಯಿತು’ ಎಂದು ಬಿಟ್ಟವರು ಲೆಕ್ಕವಿಲ್ಲದಷ್ಟು. ಅವರಲ್ಲಿ ಬಹಳ ಮಂದಿ ತಂದಿದ್ದು ಸೋಪು. ಶಾಂಪೂ ಬಾರ್ ಎಂಬ ಹೆಸರಿನಲ್ಲಿ ಎರಡು ಬೇರೆ ವಸ್ತುಗಳು ಮಾರಾಟವಾಗುತ್ತವೆ. ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ್ದು ಸೋಪು, ಅದರ ಪಿಎಚ್ (ಆಮ್ಲ ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) 9ರಿಂದ 10. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಅದು ಕರಗದ ಮಡ್ಡಿಯಾಗಿ ಕೂದಲಿಗೆ ಅಂಟುತ್ತದೆ. ಇನ್ನೊಂದು ಸಿಂಡೆಟ್, ಅಂದರೆ ಸೋಪಲ್ಲದ ಶುದ್ಧಿಕಾರಕದಿಂದ ಒತ್ತಿ ಮಾಡಿದ ಬಿಲ್ಲೆ. ಅದರ ಪಿಎಚ್ 5ರಿಂದ 6ರ ಆಸುಪಾಸು, ಗಡಸು ನೀರಿನಲ್ಲೂ ಸೋಪಿನ ಹಾಗೆ ಮಡ್ಡಿ ಕಟ್ಟುವುದಿಲ್ಲ. ಹೊದಿಕೆಯ ಮೇಲಿನ ಪಟ್ಟಿಯಲ್ಲಿ ಸೋಡಿಯಂ ಪಾಮೇಟ್, ಸೋಡಿಯಂ ಕೊಕೊಯೇಟ್ ಮೊದಲಿಗೆ ಕಂಡರೆ ಅದು ಸೋಪು. ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಕಂಡರೆ ಸಿಂಡೆಟ್. ನೀರು ಗಡಸಾಗಿದ್ದರೆ ಸಿಂಡೆಟ್ಟನ್ನೇ ತನ್ನಿ. ಈಗಾಗಲೇ ಸೋಪು ತಂದಿದ್ದರೆ 1 ಲೀಟರ್ ನೀರಿಗೆ 1 ದೊಡ್ಡ ಚಮಚ ವಿನೆಗರ್ ಬೆರೆಸಿ ಕೊನೆಯಲ್ಲಿ ತಲೆಗೆ ಸುರಿದು, ಕಣ್ಣಿಗೆ ಬೀಳದಂತೆ ತೊಳೆದುಕೊಳ್ಳಿ. ಯಾವ ಬಾರೇ ಆದರೂ ನೀರು ಬಸಿದು ಹೋಗುವ ತಟ್ಟೆಯ ಮೇಲಿರಲಿ. ನೀರಿನಲ್ಲಿ ಕೂತರೆ ಅರ್ಧ ಬಾರ್ ಕರಗಿ ಮೋರಿ ಸೇರುತ್ತದೆ.

ಮುಟ್ಟಿನ ಕಪ್ ಬಗ್ಗೆ ಕೇಳಲು ಇಂದಿಗೂ ಸಂಕೋಚ ಪಡುತ್ತಾರೆ. ಅಂಥ ಸಂಕೋಚ ಯಾಕೂ ಬೇಡ. ಮುಟ್ಟಿನ ರಕ್ತವನ್ನು ಒಳಗೇ ಹಿಡಿದಿಡುವ, ವೈದ್ಯಕೀಯ ದರ್ಜೆಯ ಸಿಲಿಕೋನ್ ಕಪ್ ಒಂದನ್ನು ಜೋಪಾನ ಮಾಡಿದರೆ ಹಲವು ವರ್ಷ ಬರುತ್ತದೆ, ತಿಂಗಳು ತಿಂಗಳು ಎಸೆಯುವ ಪ್ಯಾಡುಗಳೆಲ್ಲ ನಿಲ್ಲುತ್ತವೆ. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ, 43 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ವರದಿ, ಕಪ್ ಸುರಕ್ಷಿತ ಎಂದೇ ಹೇಳಿತು. ಸೋರುವುದಕ್ಕೆ ಹೆಚ್ಚಿನ ಸಲ ಕಾರಣ, ಮಡಚಿ ಒಳಗಿಟ್ಟ ಕಪ್ ಪೂರ್ತಿ ಬಿಚ್ಚಿಕೊಳ್ಳದೆ ಇರುವುದು. ತಳವನ್ನು ಬೆರಳಿನಲ್ಲಿ ಹಿಡಿದು ಸ್ವಲ್ಪ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ತೆಗೆಯುವಾಗ ಕಪ್ಪಿನ ತಳದ ಕಡ್ಡಿ ಹಿಡಿದು ಎಳೆಯಬಾರದು. ತಳ ಒತ್ತಿ ಗಾಳಿ ಒಳಹೋಗಲು ಬಿಟ್ಟ ಮೇಲೆ ತೆಗೆಯಿರಿ. ಅಂಚಿನ ಕೆಳಗಿನ ಸಣ್ಣ ರಂಧ್ರಗಳು ಕಟ್ಟಿಕೊಂಡರೂ ಹಿಡಿತ ಕೆಡುತ್ತದೆ, ನೀರು ತುಂಬಿ ಅಂಗೈಯಿಂದ ಬಾಯಿ ಮುಚ್ಚಿ ಹಿಂಡಿದರೆ ತೆರೆದುಕೊಳ್ಳುತ್ತವೆ. ಒಂದು ಸಲಕ್ಕೆ 12 ಗಂಟೆ ಮೀರಬಾರದು. ಪ್ರತಿ ಮುಟ್ಟಿನ ನಂತರ 5 ನಿಮಿಷ ಕುದಿಸಬೇಕು, ಪಾತ್ರೆಯ ತಳಕ್ಕೆ ತಾಗಿ ಸುಡದ ಹಾಗೆ ತಂತಿಯ ಕಡೆಗೋಲಿನೊಳಗೆ ಕಪ್ ಇಟ್ಟು ಕುದಿಸಿ. ಗರ್ಭಾಶಯದಲ್ಲಿ ವಂಕಿ ಹಾಕಿಸಿಕೊಂಡವರು ಮೊದಲು ವೈದ್ಯರನ್ನು ಕೇಳಲೇಬೇಕು, ಕಪ್ಪಿನ ಎಳೆತಕ್ಕೆ ಅದು ಜಾರಬಹುದು.

ಲೋಹದ ಸೇಫ್ಟಿ ರೇಜರ್ ವಿಷಯ ಚಿಕ್ಕದು. ಹಿಡಿ ದಶಕಗಟ್ಟಲೆ ಬಾಳುತ್ತದೆ, ಬದಲಾಗುವುದು ತೆಳು ಉಕ್ಕಿನ ಬ್ಲೇಡ್ ಮಾತ್ರ. ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ ಹಿಡಿದು, ರೇಜರಿನ ತೂಕವೇ ಇಳಿಯಲಿ ಎಂದು ಬಿಟ್ಟರೆ ಗಾಯವಾಗುವುದಿಲ್ಲ. ಪ್ಲಾಸ್ಟಿಕ್ ರೇಜರಿಗೆ ಒತ್ತಿ ಒತ್ತಿ ಅಭ್ಯಾಸವಾದ ಕೈ ಇಲ್ಲೂ ಒತ್ತುತ್ತದೆ, ಮೊದಲ ವಾರದ ರಕ್ತ ಅದರದ್ದೇ. 5ರಿಂದ 7 ಸಲಕ್ಕೆ ಬ್ಲೇಡ್ ಬದಲಿಸಿ, ಹಳೆಯದನ್ನು ಸೀಳು ಮಾಡಿದ ತಗಡಿನ ಡಬ್ಬಿಗೆ ಹಾಕಿ. ಬಿಡಿಬಿಡಿಯಾಗಿ ಕಸಕ್ಕೆ ಹಾಕಿದರೆ ಕಸ ಎತ್ತುವವರ ಕೈ ಕುಯ್ಯುತ್ತದೆ.

ಬಿದಿರಿನ ಬ್ರಷ್ಷಿನ ಹಿಡಿ ಮಾತ್ರ ಬಿದಿರು, ಎಳೆಗಳು ಬಹುತೇಕ ನೈಲಾನ್. ಗೊಬ್ಬರದ ಗುಂಡಿಗೆ ಹಾಕುವ ಮುಂಚೆ ಇಕ್ಕಳದಿಂದ ಎಳೆ ಕಿತ್ತುಬಿಡಿ. ಲೋಟದಲ್ಲಿ ನಿಲ್ಲಿಸಿದರೆ ಬುಡ ಕಪ್ಪಗಾಗಿ ಬೂಸ್ಟು ಹಿಡಿಯುತ್ತದೆ, ಮಲಗಿಸಿ ಇಲ್ಲವೇ ತೂಗುಹಾಕಿ ಒಣಗಿಸಬೇಕು. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಟಾರ್ಚು, ಆಟಿಕೆ, ವೈರ್‌ಲೆಸ್ ಮೌಸಿಗೆ ಹೇಳಿ ಮಾಡಿಸಿದ್ದು. ಹಳೆಯದು ಹೊಸದು ಬೆರೆಸಬೇಡಿ, ದುರ್ಬಲವಾದದ್ದು ಬೇಗ ಬರಿದಾಗಿ ಕೆಡುತ್ತದೆ.

ಬಟ್ಟೆ ಚೀಲದ ಮಾತು ಬಂದರೆ ಒಂದು ಲೆಕ್ಕ ಹೇಳಲೇಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಸಲ ಬಳಸಿದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಭೂಮಿ ಬಿಸಿಯೇರಿಕೆಯ ಲೆಕ್ಕದಲ್ಲಿ ಸರಿಗಟ್ಟಬೇಕಾದರೆ ಹತ್ತಿ ಚೀಲವನ್ನು 131 ಸಲ ಬಳಸಬೇಕು. ಡೆನ್ಮಾರ್ಕಿನ 2018ರ ಅಧ್ಯಯನ ತನ್ನಲ್ಲಿನ ಪ್ಲಾಸ್ಟಿಕ್ ಚೀಲದ ಎದುರು ಹವಾಮಾನಕ್ಕೆ 52 ಸಲ ಎಂದಿತು; ಓಝೋನ್ ಪದರದ ಹಾನಿ ಸೇರಿ ಎಲ್ಲ ಬಗೆಯ ಪರಿಣಾಮ ಹಿಡಿದರೆ ಅದೇ 7,100 ಸಲ ಆಗುತ್ತದೆ. ಆದ್ದರಿಂದ ಸಭೆ ಸಮಾರಂಭಗಳಲ್ಲಿ ಪುಕ್ಕಟೆ ಕೊಡುವ ಹತ್ತನೆಯ ಬಟ್ಟೆ ಚೀಲಕ್ಕೆ ‘ಬೇಡ’ ಅನ್ನಿ. ಮನೆಯಲ್ಲಿರುವ ಎರಡನ್ನೇ ಹರಿಯುವ ತನಕ ಹೊಲಿದು ಹೊಲಿದು ಬಳಸಿ.

ನಾನು ಕೊಳ್ಳಬೇಡಿ ಅನ್ನುವುದು ‘ಜೈವಿಕವಾಗಿ ಕೊಳೆಯುತ್ತದೆ’ ಎಂದಷ್ಟೇ ಬರೆದ ಚೀಲ, ಲೋಟಗಳನ್ನು. ಎಲ್ಲಿ, ಎಷ್ಟು ದಿನದಲ್ಲಿ ಎಂದು ಅದರ ಮೇಲೆ ಇರುವುದಿಲ್ಲ. ಪಿಎಲ್ಎ ಎಂಬ ಸಸ್ಯಮೂಲದ ಪ್ಲಾಸ್ಟಿಕ್ ಕೊಳೆಯಲು ಕಾರ್ಖಾನೆ ಮಟ್ಟದ ಗೊಬ್ಬರ ಘಟಕದ 58 ಡಿಗ್ರಿಯಷ್ಟು ಬಿಸಿ ವಾರಗಟ್ಟಲೆ ಬೇಕು, ಹಿತ್ತಲ ಗುಂಡಿಯಲ್ಲಿ ಅದು ಹಾಗೇ ಕೂತಿರುತ್ತದೆ. ಆಕ್ಸೊ ಎಂಬ ಹೆಸರಿನವು ಕೊಳೆಯುವುದಕ್ಕಿಂತ ಪುಡಿಪುಡಿಯಾಗುತ್ತವೆ, ಐರೋಪ್ಯ ಒಕ್ಕೂಟ 2021ರಿಂದ ಅವುಗಳ ಮಾರಾಟವನ್ನೇ ನಿಷೇಧಿಸಿದೆ.

‘ಹಾಗಾದರೆ ಮನೆಯಲ್ಲಿರುವ ಹಳೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ಏನು ಮಾಡಲಿ?’ ಅನ್ನುವುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಎಸೆಯಬೇಡಿ. ಮೇಲೆ ಹೇಳಿದ ಮೂರು ಪುಡಿಗಳಿಗೆ ಅವಕ್ಕಿಂತ ಒಳ್ಳೆಯ ಜಾಗ ಇಲ್ಲ, ತಗಡಾದರೆ ತುಕ್ಕು ಹಿಡಿಯುತ್ತದೆ. ಮೂರೂ ನೋಡಲು ಒಂದೇ ಥರ, ಹಾಗಾಗಿ ಡಬ್ಬಿಯ ಮುಚ್ಚಳಕ್ಕಲ್ಲ, ಮೈಗೆ ಹೆಸರು ಬರೆದು ಅಂಟಿಸಿ, ಮುಚ್ಚಳಗಳು ಅದಲುಬದಲಾಗುತ್ತವೆ. ಮಕ್ಕಳ ಕೈಗೆ ಎಟುಕದ ಒಣ ಜಾಗದಲ್ಲಿಡಿ. ಪರ್‌ಕಾರ್ಬೊನೇಟಿನ ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ, ಒಳಗೆ ಏಳುವ ಆಮ್ಲಜನಕ ಹೊರಹೋಗಲಿ ಎಂದು ಅದರ ಮುಚ್ಚಳಕ್ಕೆ ಮಾತ್ರ ಸೂಜಿಯಿಂದ ಒಂದು ಸಣ್ಣ ತೂತು ಮಾಡಿಬಿಡಿ.