ತೈಪೆಯಲ್ಲಿ ರಾತ್ರಿ ಸಂತೆಗೆಂದೇ ಹಿಡಿದ ರೂಮು

ತೈವಾನಿನ ರಾಜಧಾನಿ ತೈಪೆಗೆ ಹೊರಟವರು ರೂಮು ಹುಡುಕುವಾಗ ಸಾಮಾನ್ಯವಾಗಿ ಹಗಲಿನ ಲೆಕ್ಕ ಹಾಕುತ್ತಾರೆ. ಮ್ಯೂಸಿಯಂ ಎಷ್ಟು ದೂರ, 101 ಮಹಡಿಯ ಗೋಪುರ ಎಷ್ಟು ದೂರ ಅಂತ. ನಾವು ಹೋದದ್ದು ಅಲ್ಲಿನ ರಾತ್ರಿ ಸಂತೆಗಳಿಗಾಗಿ. ಹಾಗಾಗಿ ನನ್ನ ಲೆಕ್ಕ ಶುರುವಾದದ್ದು ರಾತ್ರಿ ಹನ್ನೊಂದು ಗಂಟೆಯಿಂದ. ಹೊಟ್ಟೆ ತುಂಬಿದೆ, ಕಾಲು ಸೋತಿದೆ, ಹನಿಹನಿ ಮಳೆ, ಕೈಯಲ್ಲಿ ಹಣ್ಣಿನ ಕವರು. ಆಗ ಹಾಸಿಗೆ ಎಷ್ಟು ದೂರ? ಜೊತೆಯಲ್ಲಿ ಅಮ್ಮ ಇದ್ದಳು, ಮಂಡಿ ನೋವಿನವಳು. ತಮ್ಮ ಇದ್ದ, ಎಷ್ಟು ಬೇಕಾದರೂ ನಡೆಯುವವನು. ಇಬ್ಬರಿಗೂ ಒಪ್ಪುವ ಜಾಗ ಬೇಕಿತ್ತು.

ತೈಪೆಯಲ್ಲಿ ರಾತ್ರಿ ಸಂತೆ ಒಂದಲ್ಲ. ಉತ್ತರಕ್ಕೆ ಶೀಲಿನ್, ಪೂರ್ವಕ್ಕೆ ರಾವ್‌ಹೆ, ಹಳೇ ಪೇಟೆಯ ನಡುವೆ ನಿಂಗ್‌ಶಿಯಾ, ಲೋಂಗ್‌ಶಾನ್ ದೇವಸ್ಥಾನದ ಮಗ್ಗುಲಲ್ಲಿ ಹುವಾಶೀ, 101 ಗೋಪುರದ ಕಡೆಗೆ ಲಿನ್‌ಜಿಯಾಂಗ್. ಒಂದನ್ನೇ ನೋಡಿ ಮರುದಿನ ಊರು ಬಿಡುವವರಿಗೆ ಆ ಸಂತೆಯ ಪಕ್ಕದ ರೂಮೇ ಸರಿ. ದಿನಕ್ಕೊಂದು ಸಂತೆ ನೋಡುವವರು ಒಂದರ ಬಾಗಿಲಲ್ಲೇ ಉಳಿದುಕೊಂಡರೆ ಮಿಕ್ಕ ನಾಲ್ಕೂ ದೂರವಾಗಿಬಿಡುತ್ತವೆ. ಹಾಗಾಗಿ ನಾನು ಸಂತೆಗಳ ನಕಾಶೆ ಬದಿಗಿಟ್ಟು ಮೆಟ್ರೊ ನಕಾಶೆ ಹರಡಿಕೊಂಡು ಕೂತೆ.

ಈ ಊರಿನ ಹೆಸರುಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಶೀಲಿನ್ ಸಂತೆಗೆ ಹತ್ತಿರದ ನಿಲ್ದಾಣ ಶೀಲಿನ್ ಅಲ್ಲ, ಅದಕ್ಕಿಂತ ಒಂದು ನಿಲ್ದಾಣ ಮೊದಲೇ ಬರುವ ಜಿಯಾನ್‌ಟಾನ್. ಅಲ್ಲಿಳಿದು ರಸ್ತೆ ದಾಟಿದರೆ ಸಂತೆಯ ಜನಜಂಗುಳಿ ಕಾಣುತ್ತದೆ. ಇದಕ್ಕಿಂತ ಹೆಚ್ಚು ಕಾಡುವುದು ಸೋಂಗ್‌ಶಾನ್. ರಾವ್‌ಹೆ ಸಂತೆ ಇರುವುದು ಸೋಂಗ್‌ಶಾನ್ ರೈಲು ನಿಲ್ದಾಣದ ಎದುರು. ಆದರೆ ಊರೊಳಗಿನ ಹಳೆಯ ವಿಮಾನ ನಿಲ್ದಾಣದ ಹೆಸರೂ ಸೋಂಗ್‌ಶಾನೇ, ಅದರ ಮೆಟ್ರೊ ನಿಲ್ದಾಣ ಬೇರೆಯೇ ಮಾರ್ಗದಲ್ಲಿದೆ. ಹೋಟೆಲಿನ ಹೆಸರಲ್ಲಿ ಸೋಂಗ್‌ಶಾನ್ ಅಂತ ಇದ್ದ ಮಾತ್ರಕ್ಕೆ ಸಂತೆಗೆ ಹತ್ತಿರ ಅಂದುಕೊಳ್ಳುವಂತಿಲ್ಲ. ರೈಲು ನಿಲ್ದಾಣವೋ ವಿಮಾನ ನಿಲ್ದಾಣವೋ ನೋಡಿಯೇ ದುಡ್ಡು ಕಟ್ಟಬೇಕು.

ಕೊನೆಗೆ ನನ್ನ ಬೆರಳು ನಿಂತದ್ದು ಝೋಂಗ್‌ಶಾನ್ ನಿಲ್ದಾಣದ ಮೇಲೆ. ಕೆಂಪು ಮತ್ತು ಹಸಿರು ಮಾರ್ಗಗಳು ಕೂಡುವ ಜಾಗ ಅದು. ಹಸಿರು ರೈಲು ಹತ್ತಿದರೆ ಇಳಿದು ಹತ್ತುವ ಗೋಜಿಲ್ಲದೆ ಸೀದಾ ಸೋಂಗ್‌ಶಾನ್, ಅಂದರೆ ರಾವ್‌ಹೆ. ಕೆಂಪು ರೈಲಿನಲ್ಲಿ ಉತ್ತರಕ್ಕೆ ಹೋದರೆ ಜಿಯಾನ್‌ಟಾನ್, ಅದೇ ಮಾರ್ಗದಲ್ಲಿ ದಕ್ಷಿಣಕ್ಕೆ ಹೋದರೆ ಲಿನ್‌ಜಿಯಾಂಗ್ ಸಂತೆಯ ಶಿನ್‌ಯಿ ಆನ್‌ಹೆ. ಹುವಾಶೀಗೆ ಮಾತ್ರ ಶೀಮೆನ್‌ನಲ್ಲಿ ನೀಲಿ ರೈಲಿಗೆ ಬದಲಾಯಿಸಬೇಕು, ಅಲ್ಲಿಂದ ಒಂದೇ ನಿಲ್ದಾಣ. ಇನ್ನು ನಿಂಗ್‌ಶಿಯಾ, ನಡೆದೇ ಹೋಗುವಷ್ಟು ಹತ್ತಿರ. ಇಷ್ಟು ತಿಳಿದ ಮೇಲೆ ಬೇರೆ ಬಡಾವಣೆಗಳನ್ನು ನೋಡುವ ಮನಸ್ಸಾಗಲಿಲ್ಲ. ಝೋಂಗ್‌ಶಾನ್‌ಗೂ ಅದರ ಉತ್ತರದ ಶುವಾಂಗ್‌ಲಿಯೆನ್ ನಿಲ್ದಾಣಕ್ಕೂ ನಡುವಿನ ಒಂದು ಓಣಿಯಲ್ಲಿ ರೂಮು ಸಿಕ್ಕಿತು.

ತಾವ್‌ಯುವಾನ್ ವಿಮಾನ ನಿಲ್ದಾಣದಿಂದ ಊರಿಗೆ 2017ರಿಂದ ಮೆಟ್ರೊ ಓಡುತ್ತಿದೆ. ವೇಗದ ರೈಲಾದರೆ ಮುಕ್ಕಾಲು ಗಂಟೆಯೊಳಗೆ ತೈಪೆ ಮುಖ್ಯ ನಿಲ್ದಾಣಕ್ಕೆ ತಂದು ಬಿಡುತ್ತದೆ. ಆದರೆ ಈ ರೈಲು ನಿಲ್ಲುವ ಜಾಗ ಮುಖ್ಯ ನಿಲ್ದಾಣದ ಪಶ್ಚಿಮದ ತುದಿ, ನೆಲದ ಬಹಳ ಕೆಳಗೆ. ಅಲ್ಲಿಂದ ಕೆಂಪು ಮಾರ್ಗಕ್ಕೆ ಸೂಟ್‌ಕೇಸ್ ಎಳೆದುಕೊಂಡು ಸುರಂಗದೊಳಗೇ ಸಾಕಷ್ಟು ನಡೆಯಬೇಕು. ನಾವು ಬೇಮೆನ್ ನಿಲ್ದಾಣದ ಕಡೆ ತಿರುಗಿದೆವು. ಅದು ಈ ತುದಿಗೆ ಹತ್ತಿರ, ಹಸಿರು ಮಾರ್ಗದಲ್ಲಿದೆ, ಅಲ್ಲಿಂದ ಝೋಂಗ್‌ಶಾನ್ ಮುಂದಿನ ನಿಲ್ದಾಣ. ಮಂಡಿ ನೋವಿನವರನ್ನು ಕರೆದುಕೊಂಡು ಹೋಗುವವರು ಇದನ್ನು ನೆನಪಿಡಿ.

ಮೆಟ್ರೊದಿಂದ ಮೇಲೆ ಬಂದ ಮೇಲಿನ ದಾರಿಯನ್ನೂ ರೂಮು ಹಿಡಿಯುವ ಮೊದಲೇ ನೋಡಿಕೊಳ್ಳಬೇಕು. ತೈಪೆಯ ಹಳೇ ರಸ್ತೆಗಳಲ್ಲಿ ಪಾದಚಾರಿ ದಾರಿ ಕಟ್ಟಡಗಳ ಕೆಳಗೇ ಹಾದುಹೋಗುತ್ತದೆ. ಮೇಲೆ ಮನೆ, ಕೆಳಗೆ ಕಂಬಗಳ ಸಾಲಿನ ಜಗಲಿ. ಮಳೆಯ ಊರಿಗೆ ಇದು ದೊಡ್ಡ ವರ. ಆದರೆ ಒಂದೊಂದು ಅಂಗಡಿಯ ಮುಂದಿನ ನೆಲ ಒಂದೊಂದು ಎತ್ತರದಲ್ಲಿದೆ. ನಾಲ್ಕು ಹೆಜ್ಜೆ ಸಪಾಟು, ಆಮೇಲೊಂದು ಮೆಟ್ಟಿಲು, ಮತ್ತೆ ಇಳಿಜಾರು, ನುಣುಪಾದ ಟೈಲ್ಸು, ಸಾಲಾಗಿ ನಿಲ್ಲಿಸಿದ ಸ್ಕೂಟರುಗಳು. ಗಾಲಿ ಸೂಟ್‌ಕೇಸನ್ನು ಅರ್ಧ ದಾರಿ ಹೊತ್ತುಕೊಂಡೇ ನಡೆಯಬೇಕಾಗುತ್ತದೆ. ನಕಾಶೆ ಐದು ನಿಮಿಷ ಅಂತ ತೋರಿಸುವ ದಾರಿ ಇಲ್ಲಿ ಹತ್ತು ನಿಮಿಷ ಹಿಡಿಯುತ್ತದೆ.

ರೂಮಿನ ವಿಷಯಕ್ಕೆ ಬಂದರೆ, ತೈಪೆಯಲ್ಲಿ ಕಿಟಕಿಯೇ ಇಲ್ಲದ ರೂಮುಗಳು ಬಹಳ. ಬಾಡಿಗೆ ಕಡಿಮೆ, ಕಾಯ್ದಿರಿಸುವಾಗ 'ಕಿಟಕಿ ಇಲ್ಲ' ಅಂತ ಬರೆದೂ ಇರುತ್ತಾರೆ. ರಾತ್ರಿ ಸಂತೆಗೆ ಹೋಗುವವರಿಗೆ ಅದು ಕೆಟ್ಟ ಆಯ್ಕೆ ಅಂತ ನಾನು ಹೇಳುವುದಿಲ್ಲ. ತಡವಾಗಿ ಮಲಗಿ ತಡವಾಗಿ ಏಳುವವರಿಗೆ ಬೆಳಕಿಲ್ಲ, ಬೀದಿಯ ಸದ್ದೂ ಇಲ್ಲ. ಅಮ್ಮನಿಗೆ ಮಾತ್ರ ಕಿಟಕಿ ಬೇಕೇ ಬೇಕು. "ಬೆಳಗಾಯ್ತೋ ಇಲ್ವೋ ಅಂತ ಹೆಂಗೆ ಗೊತ್ತಾಗ್ಬೇಕು?" ಅನ್ನುತ್ತಾಳೆ. ಹಾಗಾಗಿ ಹಿಂದಿನ ಓಣಿಗೆ ತೆರೆಯುವ ಕಿಟಕಿಯ ರೂಮೇ ಬೇಕೆಂದು ಮೊದಲೇ ಬರೆದು ತಿಳಿಸಿದ್ದೆ. ಇನ್ನೊಂದು ನಾನು ಹುಡುಕಿದ್ದು ಬಟ್ಟೆ ಒಗೆಯುವ ಯಂತ್ರ. ಒಂದು ಸಂಜೆ ಸಂತೆಯಲ್ಲಿ ಓಡಾಡಿದರೆ ಕರಿದ ಎಣ್ಣೆಯ ವಾಸನೆ, ಇದ್ದಿಲ ಹೊಗೆ, ಕೊಳೆಸಿದ ತೋಫುವಿನ ಘಾಟು ಎಲ್ಲವೂ ಬಟ್ಟೆಗೆ ಮೆತ್ತಿಕೊಳ್ಳುತ್ತವೆ. ತೈಪೆಯ ಸಣ್ಣ ಹೋಟೆಲುಗಳಲ್ಲೂ ಯಂತ್ರ ಇರುವುದು ಸಾಮಾನ್ಯ, ಇದೆಯೋ ಇಲ್ಲವೋ ಕೇಳಿಕೊಳ್ಳಿ. 2025ರ ಜನವರಿಯಿಂದ ಹೋಟೆಲುಗಳು ಶ್ಯಾಂಪೂವಿನ ಪುಟ್ಟ ಬಾಟಲಿ, ಹಲ್ಲುಜ್ಜುವ ಬ್ರಷ್ ಇತ್ಯಾದಿಗಳನ್ನು ರೂಮಿನಲ್ಲಿ ಪುಕ್ಕಟೆಯಾಗಿ ಇಡುತ್ತಿಲ್ಲ. ನಿಮ್ಮದನ್ನು ನೀವೇ ಒಯ್ಯಿರಿ. ವಿದ್ಯುತ್ತು 110 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ.

ನಿಂಗ್‌ಶಿಯಾಗೆ ಹೊರಟದ್ದು ಸಂಜೆ ಆರರ ಹೊತ್ತಿಗೆ. ನಾನ್‌ಜಿಂಗ್ ಪಶ್ಚಿಮ ರಸ್ತೆಯಲ್ಲಿ ಸೀದಾ ನಡೆದು, ಹಳೇ ವೃತ್ತ ಇದ್ದ ಜಾಗದಲ್ಲಿ ಬಲಕ್ಕೆ ತಿರುಗಿದರೆ ಸಂತೆ. ವಾಹನ ಓಡುವ ರಸ್ತೆಯನ್ನು ಸಂಜೆಗೆ ಮುಚ್ಚಿ ತಳ್ಳುಗಾಡಿಗಳನ್ನು ಎರಡು ಸಾಲಾಗಿ ನಿಲ್ಲಿಸುತ್ತಾರೆ, ನಡುವಿನ ಇಕ್ಕಟ್ಟಿನಲ್ಲಿ ಜನ ಸರಿಯುತ್ತಾ ಹೋಗುತ್ತಾರೆ. ಉದ್ದ ಕಡಿಮೆ. ಅಮ್ಮನಂಥವರಿಗೆ ಇದಕ್ಕಿಂತ ಒಳ್ಳೆಯ ಸಂತೆ ಇಲ್ಲ. ಸುಸ್ತಾಯಿತು ಅಂದರೆ ತಮ್ಮ ಅವಳನ್ನು ರೂಮಿಗೆ ಬಿಟ್ಟು ಬರುತ್ತಿದ್ದ. ನಾವು ಮತ್ತೆ ಸುತ್ತುತ್ತಿದ್ದೆವು. ಹತ್ತಿರದ ರೂಮಿನ ನಿಜವಾದ ಉಪಯೋಗ ನನಗೆ ಕಂಡದ್ದು ಇದೇ. ಜೊತೆಗೆ ಹೋದವರೆಲ್ಲ ಒಟ್ಟಿಗೇ ವಾಪಸ್ ಬರಬೇಕೆಂಬ ಕಟ್ಟುಪಾಡು ಇರಲಿಲ್ಲ.

ಅಲ್ಲಿ ಗೆಣಸಿನ ಉಂಡೆ ಕರಿಯುವವನ ಮುಂದೆ ಅಮ್ಮ ಕದಲಲೇ ಇಲ್ಲ. ಗೆಣಸು ಮತ್ತು ಟ್ಯಾಪಿಯೋಕಾ ಹಿಟ್ಟು ಕಲಸಿದ ಸಣ್ಣ ಉಂಡೆಗಳು, ಹಳದಿ ಮತ್ತು ನೇರಳೆ ಎರಡು ಬಣ್ಣ. ಎಣ್ಣೆಗೆ ಬಿಟ್ಟಾಗ ಗೋಲಿ ಗಾತ್ರ. ಮೇಲೆ ತೇಲಿ ಬಂದ ಕೂಡಲೇ ಆತ ದೊಡ್ಡ ಜಾಲರಿ ಸೌಟಿನಿಂದ ಅವನ್ನೆಲ್ಲ ಬಾಣಲೆಯ ಗೋಡೆಗೆ ಅದುಮಿ ಹಿಡಿದು ಬಿಟ್ಟ. ಚಪ್ಪಟೆಯಾದ ಉಂಡೆಗಳು ಬಿಟ್ಟ ತಕ್ಷಣ ಉಬ್ಬಿದವು. ಮತ್ತೆ ಅದುಮಿದ, ಮತ್ತೆ ಬಿಟ್ಟ. ಪ್ರತಿ ಸಲವೂ ಸ್ವಲ್ಪ ದೊಡ್ಡದಾಗಿ, ಕೊನೆಗೆ ಒಳಗೆಲ್ಲ ಟೊಳ್ಳು, ಹೊರಗೆ ತೆಳ್ಳನೆಯ ಗರಿಗರಿ ಸಿಪ್ಪೆ.

"ಇದು ಬರೀ ಗೆಣಸೇನೇ?"

"ಹೂಂ ಅಮ್ಮ, ತಿನ್ನು."

ಸಸ್ಯಾಹಾರಿಗಳಿಗೆ ತೈವಾನ್ ಕಷ್ಟದ ಊರಲ್ಲ. ಅಂಗಡಿಯ ಫಲಕದಲ್ಲಿ 'ಸೂ' ಎಂಬ ಅಕ್ಷರ ಇದ್ದರೆ ಸಸ್ಯಾಹಾರ. ಕೆಲವು ಕಡೆ ಪಕ್ಕದಲ್ಲಿ ಬೌದ್ಧರ ಸ್ವಸ್ತಿಕವೂ ಇರುತ್ತದೆ. ಬೌದ್ಧ ಪದ್ಧತಿಯ ಈ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಆದರೆ ಸಂತೆಯ ಗಾಡಿಗಳಲ್ಲಿ ಕೇಳಿಯೇ ತಿನ್ನಬೇಕು. ನಿಂಗ್‌ಶಿಯಾದ ಹೆಸರುವಾಸಿ ಕೆಸುವಿನ ಗೆಡ್ಡೆಯ ಉಂಡೆಯಲ್ಲಿ ಒಂದು ಬಗೆ ಬರೀ ಕೆಸು, ಇನ್ನೊಂದರೊಳಗೆ ಮೊಟ್ಟೆಯ ಹಳದಿ ಮತ್ತು ಹಿಂಜಿದ ಹಂದಿ ಮಾಂಸ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ರಾವ್‌ಹೆ ಬೇರೆಯೇ ಲೋಕ. 1987ರಲ್ಲಿ ಶುರುವಾದ ಈ ಸಂತೆ ಒಂದೇ ಉದ್ದನೆಯ ಬೀದಿ, ಹತ್ತಿರ ಹತ್ತಿರ ಆರುನೂರು ಮೀಟರ್. ಪೂರ್ವದ ತುದಿಯಲ್ಲಿ ಸಮುದ್ರ ದೇವತೆ ಮಾಝುವಿನ ಸಿಯೋ ದೇವಸ್ಥಾನ, 1753ರದು. ಚಾವಣಿಯ ತುಂಬ ಬಣ್ಣಬಣ್ಣದ ಡ್ರ್ಯಾಗನ್‌ಗಳು, ಅವುಗಳ ಮೇಲೆ ದೀಪದ ಬೆಳಕು. ಒಳಗೆ ಒಬ್ಬ ಹೆಂಗಸು ಅರ್ಧಚಂದ್ರಾಕಾರದ ಎರಡು ಕೆಂಪು ತುಂಡುಗಳನ್ನು ನೆಲಕ್ಕೆ ಎಸೆದು, ಅವು ಬಿದ್ದ ಬಗೆ ನೋಡಿ ತಲೆಯಾಡಿಸುತ್ತಿದ್ದರು. "ನಾವು ಹೂವಿನ ಪ್ರಸಾದ ಕೇಳ್ತೀವಲ್ಲ, ಹಂಗೇ" ಅಂದಳು ಅಮ್ಮ. ಹೌದು, ಅದೂ ದೇವರ ಅಪ್ಪಣೆ ಕೇಳುವುದೇ. ಹೊರಗೆ ಸಂತೆಯ ಬಾಯಲ್ಲೇ ಕಾಳುಮೆಣಸಿನ ಪುಡಿ ಹಾಕಿದ ಹಂದಿ ಮಾಂಸದ ಬನ್ನು. ಮಣ್ಣಿನ ಹಂಡೆಯಂಥ ಒಲೆಯ ಒಳಗೋಡೆಗೆ ಹಸಿ ಬನ್ನುಗಳನ್ನು ಅಂಟಿಸಿ ಬೇಯಿಸುತ್ತಾರೆ. ಅದರ ಸಾಲು ಬೀದಿಯವರೆಗೂ ಚಾಚಿತ್ತು.

ನಾನು ಹುಡುಕಿಕೊಂಡು ಹೋದದ್ದು ಕಡಲೆಕಾಯಿಯ ಐಸ್‌ಕ್ರೀಮ್ ಸುರುಳಿ. ಕಡಲೆಕಾಯಿ ಮಿಠಾಯಿಯ ದೊಡ್ಡ ಅಚ್ಚು, ಅದರ ಮೇಲೆ ಬಡಗಿಗಳು ಬಳಸುವ ಉಜ್ಜುಗೊರಡು. ಗಾಡಿಯಾಕೆ ಉಜ್ಜಿದಂತೆಲ್ಲ ಪುಡಿ ಉದುರುತ್ತಿತ್ತು. ಕಾಗದದಷ್ಟು ತೆಳ್ಳನೆಯ ಗೋಧಿ ಹಾಳೆಯ ಮೇಲೆ ಆ ಪುಡಿ, ಕೆಸುವಿನ ಐಸ್‌ಕ್ರೀಮಿನ ಎರಡು ಉಂಡೆ, ಮೇಲೆ ಕೊತ್ತಂಬರಿ ಸೊಪ್ಪು. ಸುತ್ತಿ ಕೈಗಿಟ್ಟರು. ಐಸ್‌ಕ್ರೀಮಿಗೆ ಕೊತ್ತಂಬರಿಯೇ ಅಂತ ತಮ್ಮ ಅನುಮಾನಿಸಿದ, ಆಮೇಲೆ ಇನ್ನೊಂದು ಕೊಂಡ. ಸಂತೆಯ ಗಾಡಿಗಳಲ್ಲಿ ಹೆಚ್ಚಾಗಿ ನಗದೇ ನಡೆಯುವುದು, ನೂರರ ನೋಟುಗಳು ಜೇಬಿನಲ್ಲಿರಲಿ.

ಅಲ್ಲಿಂದ ವಾಪಸ್ ಬರುವಾಗ ಹಸಿರು ರೈಲಿನಲ್ಲಿ ಸೀಟು ಸಿಕ್ಕಿತು, ಆ ಮಾರ್ಗ ಅಲ್ಲಿಂದಲೇ ಶುರು. ತೈಪೆ ಮೆಟ್ರೊ ನಡುರಾತ್ರಿಯವರೆಗೆ ಓಡುತ್ತದೆ. ಹನ್ನೊಂದೂವರೆಗೆ ಹೊರಟರೆ ಅವಸರವಿಲ್ಲ. ಆದರೆ ನಿಲ್ದಾಣದೊಳಗಿನ ಹಳದಿ ಗೆರೆ ದಾಟಿದ ಮೇಲೆ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ನೀರು, ಚ್ಯೂಯಿಂಗ್ ಗಮ್ ಕೂಡ ಇಲ್ಲ. ದಂಡ 1,500ರಿಂದ 7,500 ತೈವಾನ್ ಡಾಲರ್. ಕಟ್ಟಿಸಿಕೊಂಡ ಪೊಟ್ಟಣ ಒಯ್ಯಬಹುದು, ಬಿಚ್ಚಬಾರದು ಅಷ್ಟೆ. ಅರ್ಧ ಕುಡಿದ ಹಾಲಿನ ಚಹಾ ಕೈಯಲ್ಲಿದ್ದರೆ ಹೊರಗೇ ನಿಂತು ಮುಗಿಸಬೇಕು.

ಸಂತೆಯ ನೆತ್ತಿಯ ಮೇಲೆಯೇ ರೂಮು ಬೇಡ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಶೀದಾ ಸಂತೆಯ ಕಥೆಯೂ ಒಂದು ಕಾರಣ. ವಿಶ್ವವಿದ್ಯಾಲಯದ ಪಕ್ಕದ ಆ ಸಂತೆ ಬೆಳೆದು ಮನೆಗಳಿರುವ ಗಲ್ಲಿಗಳಿಗೆಲ್ಲ ಹಬ್ಬಿತ್ತು. 2011–12ರ ಹೊತ್ತಿಗೆ ಗದ್ದಲ, ಹೊಗೆ, ಕಸ ತಾಳಲಾರದೆ ಅಲ್ಲಿನ ನಿವಾಸಿಗಳು ಸಿಡಿದೆದ್ದರು. ನಗರಾಡಳಿತ ಬಿಗಿಯಾಯಿತು, ಅನೇಕ ಅಂಗಡಿಗಳು ಮುಚ್ಚಿದವು. ವರ್ಷಗಟ್ಟಲೆ ಅಲ್ಲೇ ಬದುಕಿದವರಿಗೇ ಆಗದ ಸದ್ದು ಪ್ರವಾಸಿಗೆ ಆದೀತೇ? ಸಂತೆ ಮುಗಿದ ಮೇಲೂ ಗಾಡಿ ಮಡಚುವ, ಪಾತ್ರೆ ತೊಳೆಯುವ, ಶಟರ್ ಎಳೆಯುವ ಸದ್ದು ಬಹಳ ಹೊತ್ತು ಇರುತ್ತದೆ. ನಿಂಗ್‌ಶಿಯಾದಿಂದ ಆಚೆಗಿದ್ದ ನಮ್ಮ ಕಿಟಕಿಗೆ ಅದ್ಯಾವುದೂ ಬರಲಿಲ್ಲ.

ಶೀಲಿನ್ ಎಲ್ಲಕ್ಕಿಂತ ದೊಡ್ಡದು, ಬಟ್ಟೆಬರೆ ಮತ್ತು ಆಟದ ಮಳಿಗೆಗಳೇ ಹೆಚ್ಚು. ತಮ್ಮನಿಗೆ ಹಿಡಿಸಿತು, ನನಗೆ ಅಷ್ಟಾಗಿ ಅಲ್ಲ. ಹುವಾಶೀ ಚಾವಣಿ ಹೊದಿಸಿದ ಬೀದಿ, ಮಳೆಯ ಸಂಜೆಗೆ ಒಳ್ಳೆಯದು. ಅಲ್ಲಿಗೆ ಹೋದರೆ 1738ರಲ್ಲಿ ಕಟ್ಟಿಸಿದ ಲೋಂಗ್‌ಶಾನ್ ದೇವಸ್ಥಾನವನ್ನು ಮೊದಲು ನೋಡಿ.

ಯುವಕರ ಗುಂಪಾಗಿದ್ದರೆ ಶೀಮೆನ್ ಸುತ್ತಮುತ್ತ ಉಳಿಯಬಹುದು. ನೀಲಿ, ಹಸಿರು ಎರಡೂ ಮಾರ್ಗ, ಹೋಟೆಲುಗಳು ಹೇರಳ, ವಾರಾಂತ್ಯದಲ್ಲಿ ಗದ್ದಲವೂ ಹೇರಳ. ಒಂದೇ ರಾತ್ರಿ ಇದ್ದು ಬೆಳಿಗ್ಗೆ ರೈಲು ಹಿಡಿಯುವವರಿಗೆ ರಾವ್‌ಹೆ ಹತ್ತಿರದ ಸೋಂಗ್‌ಶಾನ್ ನಿಲ್ದಾಣವೇ ಅನುಕೂಲ, ಮೆಟ್ರೊ ಜೊತೆ ದೂರದೂರಿನ ರೈಲುಗಳೂ ಅಲ್ಲಿ ನಿಲ್ಲುತ್ತವೆ.

ನಮ್ಮದು ತಡರಾತ್ರಿಯ ವಿಮಾನ. ರೂಮು ಬಿಡಬೇಕಾದದ್ದು ಬೆಳಿಗ್ಗೆ ಹನ್ನೊಂದಕ್ಕೆ, ಸಂತೆ ತೆರೆಯುವುದು ಸಂಜೆ ಐದಕ್ಕೆ. ತೈಪೆ ಮುಖ್ಯ ನಿಲ್ದಾಣದಲ್ಲಿ, ವಿಮಾನ ನಿಲ್ದಾಣದ ಮೆಟ್ರೊ ಹತ್ತುವ ಕಡೆಯೇ ಕೆಲವು ವಿಮಾನ ಸಂಸ್ಥೆಗಳ ಸಾಮಾನನ್ನು ಮುಂಚಿತವಾಗಿ ಒಪ್ಪಿಸಬಹುದು. ನಮ್ಮದು ಆ ಪಟ್ಟಿಯಲ್ಲಿತ್ತು. ಮಧ್ಯಾಹ್ನವೇ ಸೂಟ್‌ಕೇಸುಗಳನ್ನು ಅಲ್ಲಿ ಕೊಟ್ಟು, ಕೈಬೀಸಿಕೊಂಡು ಝೋಂಗ್‌ಶಾನ್‌ನಿಂದ ಶುವಾಂಗ್‌ಲಿಯೆನ್‌ವರೆಗಿನ ನೆಲದಡಿಯ ಪುಸ್ತಕದ ಅಂಗಡಿಗಳ ಸಾಲಿನಲ್ಲಿ ಹೊತ್ತು ಕಳೆದೆವು. ಐದು ಹೊಡೆಯುವ ಹೊತ್ತಿಗೆ ನಿಂಗ್‌ಶಿಯಾದಲ್ಲಿ ಗಾಡಿಗಳು ಬಂದು ನಿಲ್ಲುತ್ತಿದ್ದವು. ಬಿಸಿ ಕೆಸುವಿನ ಉಂಡೆ ತಿಂದು, ಏಳಕ್ಕೆಲ್ಲ ಬೇಮೆನ್ ಕಡೆಯಿಂದ ವಿಮಾನ ನಿಲ್ದಾಣದ ರೈಲು ಹತ್ತಿದೆವು.